ಕುದುರೆ ನಮ್ಮದೇ ಅನ್ನೋದಕ್ಕೆ ಸಾಕ್ಷಿ ಏನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಜಾತ್ರೆಯ ಕುದುರೆ ಗಾಡಿ ಶರ್ಯತ್ತು ಹೊಸದಲ್ಲ. ಅಂಥ ಒಂದು ಓಟದ ಕುದುರೆ ಕಳುವಾಯ್ತು, ತಿಂಗಳ ಮೇಲೆ ದೂರದ ಸಂತೆಯಲ್ಲಿ ಕಣ್ಣಿಗೆ ಬಿತ್ತು ಅಂದ್ಕೊಳ್ಳೋಣ. ಹಿಡಿದುಕೊಂಡವನು 'ಇದು ನಂದು' ಅಂದ್ರೆ ನಾವೇನು ತೋರಿಸೋದು?

ದನಗಳ ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆಯನ್ನು ಕತ್ತರಿಸಿ ಎಸೆಯಬಹುದು. ಕುದುರೆಗೆ ಹಾಕುವ ಮೈಕ್ರೋಚಿಪ್ ಹಾಗಲ್ಲ. ಅಕ್ಕಿಕಾಳಿನಷ್ಟಿರುವ ಅದನ್ನು ಪಶುವೈದ್ಯರು ಸೂಜಿಯಿಂದ ಕತ್ತಿನೊಳಗೆ ಸೇರಿಸ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ರೀಡರ್‌ನ 134.2 ಕಿಲೋಹರ್ಟ್ಜ್ ಕಾಂತಕ್ಷೇತ್ರ ಚಿಪ್‌ನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತೆ. ನಾವು ಓದಿದ ಫ್ಯಾರಡೆ ನಿಯಮವೇ ಇದು. ಆಗ ಚಿಪ್ ತನ್ನ 15 ಅಂಕಿಯ ಸಂಖ್ಯೆ ಕಳಿಸುತ್ತೆ. ಗುರುತಿಗೆಂದೇ 38 ಬಿಟ್ ಇರೋದ್ರಿಂದ ಸುಮಾರು 27,000 ಕೋಟಿ ಬೇರೆ ಬೇರೆ ಸಂಖ್ಯೆ ಸಾಧ್ಯ.

ಆದ್ರೆ ಇದು ಜಿಪಿಎಸ್ ಅಲ್ಲ. ಕುದುರೆ ಎಲ್ಲಿದೆ ಅಂತ ಚಿಪ್ ಹೇಳಲ್ಲ, ರೀಡರನ್ನು ಕತ್ತಿನ ಹತ್ತಿರವೇ ಹಿಡಿಯಬೇಕು. ಮಾಲೀಕರ ಹೆಸರಿನ ಜೊತೆ ಸಂಖ್ಯೆ ದಾಖಲಾಗದಿದ್ರೆ ಅದು ಬರೀ ಅಂಕಿ.

ಚಿಪ್ ಇಲ್ಲದಿದ್ರೂ ದಾರಿ ಇದೆ. ನಮ್ಮ ಹಿರಿಯರು ಕುದುರೆ ಕೊಳ್ಳುವಾಗ ಸುಳಿ ನೋಡ್ತಾರಲ್ಲ, ಆ ಸುಳಿಯ ಜಾಗ ಹುಟ್ಟಿನಿಂದ ಬದಲಾಗಲ್ಲ. ವಿದೇಶಗಳ ಕುದುರೆ ಪಾಸ್‌ಪೋರ್ಟ್‌ನಲ್ಲೂ ಸುಳಿಗಳನ್ನು ಗುರುತು ಹಾಕ್ತಾರೆ. ಮುಖ, ಎರಡೂ ಪಕ್ಕ, ನಾಲ್ಕೂ ಕಾಲು, ಸುಳಿ, ಹಳೆಯ ಗಾಯದ ಗುರುತು: ಎಲ್ಲದರ ಫೋಟೋ ಇರಲಿ. ಕೊಂಡ ಚೀಟಿಯೂ ಇರಲಿ. ರಾತ್ರಿ ಲಾಯಕ್ಕೆ ಬೀಗ, ಬಾಗಿಲಿಗೆ ದೀಪ ಮರೆಯಬಾರದು.

ಬೀಗ ಕಳ್ಳನನ್ನು ತಡೆಯಬಹುದು. ಕುದುರೆ ಸಿಕ್ಕಾಗ ಅದನ್ನು ಮನೆಗೆ ತರೋದು ದಾಖಲೆ. ಅದು ಕಳುವಿಗೆ ಮೊದಲೇ ಇರಬೇಕು. ಈ ರಜೆಗೆ ಊರಿಗೆ ಹೋದಾಗ ಫೋನ್ ಹಿಡಿದು ಒಮ್ಮೆ ಲಾಯಕ್ಕೆ ಹೋಗಿ ಬರೋಣ.