ಕೆಟ್ಟ ಸುದ್ದಿಯೂ ಯಜಮಾನನ ಕಿವಿಯೂ

ಉದ್ಯಮದ ಯಜಮಾನನಲ್ಲಿ ವಿನಯವಿರಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಮೃದುವಾಗಿ ಮಾತನಾಡುವುದು, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವುದು, ಎದುರಾದವರಿಗೆಲ್ಲ ಕೈಮುಗಿಯುವುದು, ಇಷ್ಟನ್ನೇ ವಿನಯವೆಂದು ತಿಳಿಯುವ ರೂಢಿ ವ್ಯಾಪಾರ ವಲಯದಲ್ಲಿ ಬಲವಾಗಿದೆ. ಇವು ಸದ್ಗುಣಗಳೇ ಹೌದು. ಸಂಸ್ಥೆಯ ಹಿತದೃಷ್ಟಿಯಿಂದ ನೋಡಿದರೆ ಪರೀಕ್ಷೆ ಬೇರೆಯೇ ಇದೆ. ಎಲ್ಲೋ ಏನೋ ಕೆಟ್ಟಾಗ ಆ ಸುದ್ದಿ ಯಜಮಾನನಿಗೆ ಎಷ್ಟು ದಿನಗಳಲ್ಲಿ ತಲುಪುತ್ತದೆ? ಅದನ್ನು ತಂದವನ ಗತಿ ಏನಾಗುತ್ತದೆ?

ಪ್ರೊ. ಸತೀಶ್ ಧವನ್ 1972ರಿಂದ 1984ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1981ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನೂ ನಿರ್ವಹಿಸಿದರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್.ಎಲ್.ವಿ.-3 ರಾಕೆಟ್ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು. ಯೋಜನೆಯ ಹೊಣೆ ಹೊತ್ತಿದ್ದವರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಆದರೆ ಅಂದು ಪತ್ರಕರ್ತರನ್ನು ಎದುರಿಸಿದವರು ಧವನ್. ವೈಫಲ್ಯದ ಹೊಣೆಯನ್ನು ತಾವೇ ವಹಿಸಿಕೊಂಡ ಅವರು ತಮ್ಮ ತಂಡದ ಮೇಲೆ ಪೂರ್ಣ ವಿಶ್ವಾಸವಿದೆಯೆಂದರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿಯನ್ನು ನಡೆಸಲು ಕಲಾಂ ಅವರಿಗೇ ಹೇಳಿದರು. ಈ ಪ್ರಸಂಗ ಜನಜನಿತವಾದದ್ದು ಕಲಾಂ ಅವರು ಅದನ್ನು ಮತ್ತೆ ಮತ್ತೆ ನೆನೆದುದರಿಂದ.

ಇದನ್ನು ಸಾಮಾನ್ಯವಾಗಿ ಔದಾರ್ಯದ ಕಥೆಯಾಗಿ ಹೇಳಲಾಗುತ್ತದೆ. ಅದರಲ್ಲಿ ಇನ್ನೊಂದು ಮುಖವಿದೆ. ಹೊರಗಿನ ನಿಂದೆಯನ್ನು ನಾಯಕ ಹೊತ್ತುಕೊಂಡನೆಂದು ಒಳಗಿನ ವಿಚಾರಣೆ ಸಡಿಲವಾಗಲಿಲ್ಲ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟ ಸೋರಿದುದೇ ಕಾರಣವೆಂಬಷ್ಟು ಖಚಿತವಾಗಿ ತಪ್ಪನ್ನು ಹುಡುಕಿ ತೆಗೆಯಲಾಯಿತು. ಕೆಲಸ ಹೋದೀತೆಂಬ ಅಂಜಿಕೆ ಇರುವಲ್ಲಿ ಕವಾಟ ಸೋರಿದ ಸಂಗತಿಯನ್ನು ಬಾಯಿಬಿಟ್ಟು ಹೇಳುವವರು ಸಿಗುವುದು ಕಷ್ಟ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಸತ್ಯಂ ಕಂಪ್ಯೂಟರ್ಸ್. ಅದರ ಅಧ್ಯಕ್ಷ ರಾಮಲಿಂಗ ರಾಜು ಮೃದುಭಾಷಿಯೆಂದೇ ಹೆಸರಾದವರು. 2008ರ ಡಿಸೆಂಬರ್ 16ರಂದು ಅಧ್ಯಕ್ಷರ ಕುಟುಂಬಕ್ಕೆ ಸಂಬಂಧಿಸಿದ ಎರಡು ಮೇತಾಸ್ ಕಂಪನಿಗಳನ್ನು ಕೊಳ್ಳುವ ಪ್ರಸ್ತಾವವು ನಿರ್ದೇಶಕ ಮಂಡಳಿಯ ಮುಂದೆ ಬಂದಿತು. ಹೆಸರಾಂತ ವಿದ್ವಾಂಸರಿದ್ದ ಆ ಮಂಡಳಿ ಒಮ್ಮತದಿಂದ ಒಪ್ಪಿಗೆ ನೀಡಿತು. ಹೂಡಿಕೆದಾರರು ತಿರುಗಿಬಿದ್ದ ಕಾರಣ ಕೆಲವೇ ಗಂಟೆಗಳಲ್ಲಿ ಅದನ್ನು ಕೈಬಿಡಬೇಕಾಯಿತು. 2009ರ ಜನವರಿ 7ರಂದು ಅಧ್ಯಕ್ಷರೇ ಬರೆದ ಪತ್ರದಿಂದ, ಪುಸ್ತಕಗಳಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ಅಸ್ತಿತ್ವದಲ್ಲೇ ಇರಲಿಲ್ಲವೆಂಬುದು ಬಯಲಾಯಿತು. ಲೆಕ್ಕಪರಿಶೋಧಕರೂ ಅದನ್ನು ಹಿಡಿಯಲಿಲ್ಲವೆಂಬುದು ಆ ವೃತ್ತಿಗೆ ಅಂಟಿದ ಕಳಂಕ. ‘ಬೇಡ’ ಎನ್ನುವವರಿಲ್ಲದ ಮನೆಯಲ್ಲಿ ಯಜಮಾನನ ಮೃದುವಚನದಿಂದ ಪ್ರಯೋಜನವೇನು?

ಸಣ್ಣ ಅಂಗಡಿ, ಸಣ್ಣ ಕಾರ್ಖಾನೆಗಳಲ್ಲಿ ನಿರ್ದೇಶಕ ಮಂಡಳಿ ಇರುವುದಿಲ್ಲ. ಆ ಸ್ಥಾನದಲ್ಲಿ ಒಬ್ಬ ಗುಮಾಸ್ತ, ಒಬ್ಬ ಮೇಸ್ತ್ರಿ ಇರುತ್ತಾರೆ. ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಹತ್ತು ಚೀಲ ಕಡಿಮೆ ಬಂದಿತೆನ್ನೋಣ. ಕಾರಣ ಕೇಳುವ ಮೊದಲೇ ಮಾಲೀಕನು ಹತ್ತು ಜನರೆದುರು ಗುಮಾಸ್ತನ ಮೇಲೆ ಹರಿಹಾಯ್ದರೆ ಮರುವರ್ಷ ಚೀಲಗಳ ಲೆಕ್ಕ ಸರಿಯಾಗಿಯೇ ಬರುತ್ತದೆ. ಸರಿಯಾಗುವುದು ಗೋದಾಮಿನಲ್ಲಲ್ಲ, ಪುಸ್ತಕದಲ್ಲಿ. ಉದ್ರಿ ಬಾಕಿಯ ವಿಷಯ ಇನ್ನೂ ಸೂಕ್ಷ್ಮ. ವಸೂಲಾಗದ ದೊಡ್ಡ ಬಾಕಿ ಬಹಳ ಸಲ ಮಾಲೀಕನೇ ಸ್ನೇಹಕ್ಕೆ ಕಟ್ಟುಬಿದ್ದು ಕೊಟ್ಟ ಮಾಲಿನದಾಗಿರುತ್ತದೆ. ಬಾಕಿದಾರರ ಪಟ್ಟಿಯಲ್ಲಿ ಆ ಹೆಸರನ್ನು ಮೊದಲು ಬರೆಯುವ ಧೈರ್ಯ ಗುಮಾಸ್ತನಿಗೆ ಎಲ್ಲಿಂದ ಬರಬೇಕು? ಆದ್ದರಿಂದ ತಿಂಗಳಿಗೊಮ್ಮೆ ಪಟ್ಟಿಯನ್ನು ನೋಡುವಾಗ ಮಾಲೀಕನು ತಾನು ಕೊಡಿಸಿದ ಉದ್ರಿಗಳನ್ನೇ ಮೊದಲು ತೆಗೆದು ಚರ್ಚಿಸುವುದು ಲೇಸು. ಅದರಂತೆಯೇ ಗಲ್ಲಾದಿಂದ ಮನೆಖರ್ಚಿಗೆ ತೆಗೆದ ಹಣಕ್ಕೆ ಚೀಟಿ ಬರೆದು ಸಹಿ ಹಾಕಬೇಕು. ನೂರು ರೂಪಾಯಿಗೆ ಗುಮಾಸ್ತನಿಂದ ವೋಚರ್ ಕೇಳುವವನು ತನ್ನ ಹತ್ತು ಸಾವಿರಕ್ಕೆ ಚೀಟಿ ಬರೆಯದಿದ್ದರೆ ಆ ನಿಯಮಕ್ಕೆ ಬೆಲೆ ಉಳಿಯುವುದಿಲ್ಲ. ಸಮಾಲೋಚನೆಯಲ್ಲಿ ಯಜಮಾನನು ಕೊನೆಗೆ ಮಾತನಾಡುವುದೂ ಒಳ್ಳೆಯ ಅಭ್ಯಾಸ. ಮೊದಲೇ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರಿಗೆ ತಲೆಯಾಡಿಸುವುದೊಂದೇ ಕೆಲಸ.

ಮಾಲು ಪೂರೈಸುವವರ ವಿಷಯದಲ್ಲಿ ಸೌಜನ್ಯದ ಜೊತೆಗೆ ಕಾನೂನೂ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳು ಪೂರೈಸಿದ ಸರಕಿಗೆ ಲಿಖಿತ ಕರಾರಿದ್ದರೂ 45 ದಿನಗಳನ್ನು ಮೀರದಂತೆ, ಕರಾರಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಿಸಬೇಕೆಂದು 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆ ವಿಧಿಸುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಬಡ್ಡಿಯನ್ನು ಕೇಳುವ ಧೈರ್ಯ ಸಣ್ಣ ಪೂರೈಕೆದಾರನಿಗೆ ಇರುವುದಿಲ್ಲವೆಂಬುದು ಬೇರೆ ಮಾತು. ಒಂದು ಚೆಕ್ಕಿಗಾಗಿ ಮೂರು ಸಲ ಅಲೆದು, ಬಾಗಿಲಲ್ಲಿ ಕಾದು ಹಿಂದಿರುಗಿದ ಎರಕದ ಕೆಲಸಗಾರನು ಮುಂದಿನ ಸಲ ಲೋಹದ ಗುಣಮಟ್ಟ ಇಳಿದಿದ್ದರೂ ತಾನಾಗಿ ಬಂದು ಹೇಳುವುದಿಲ್ಲ. ಅದು ತಿಳಿಯುವುದು ಗಿರಾಕಿಯು ಮಾಲನ್ನು ಹಿಂದಕ್ಕೆ ಕಳುಹಿಸಿದಾಗ.