ಹಳೆಯ ಕ್ಯಾಮೆರಾದ ‘ಒರಿಜಿನಲ್’ ಬಿಡಿಭಾಗಗಳಿಗೆ ಎಷ್ಟು ಕೊಡಬಹುದು?

ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳುವವರು ಸಾಮಾನ್ಯವಾಗಿ ಕ್ಯಾಮೆರಾದ ಬೆಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಲೆನ್ಸಿನ ಮುಂದೆ ಕೂರಿಸುವ ಬಣ್ಣದ ಗಾಜಾದ ಫಿಲ್ಟರ್, ಅಡ್ಡಬೆಳಕನ್ನು ತಡೆಯುವ ಹುಡ್, ಮುಚ್ಚಳ, ಚರ್ಮದ ಕೇಸು ಇವೆಲ್ಲವನ್ನೂ ಅದೇ ತಯಾರಕರ ಹೆಸರಿನಲ್ಲಿ ಕೂಡಿಸಲು ಹೊರಟರೆ ಖರ್ಚು ಕೆಲವೊಮ್ಮೆ ಕ್ಯಾಮೆರಾದ ಬೆಲೆಯನ್ನೇ ಮೀರುತ್ತದೆ. ಇಂಥ ವಸ್ತುವಿಗೆ ಹೆಚ್ಚು ಹಣ ತೆರುವುದು ಎಲ್ಲಿ ಸರಿ, ಎಲ್ಲಿ ದಂಡ ಎಂಬುದನ್ನು ಅದರ ಮೇಲೆ ಕೆತ್ತಿದ ಹೆಸರಿಗಿಂತ ಅದು ಲೆನ್ಸಿಗೆ ಕೂರುವ ಬಗೆಯೇ ತೀರ್ಮಾನಿಸಬೇಕು.

ಕೂರುವ ಬಗೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಥ್ರೆಡ್, ಅಂದರೆ ಬಾಟಲಿಯ ಮುಚ್ಚಳದಂತೆ ತಿರುಗಿಸಿ ಬಿಗಿಯುವ ಸುರುಳಿಗೆರೆ. ಪೆಂಟಾಕ್ಸ್ ಕೆ1000 ಜೊತೆಗೆ ಬರುತ್ತಿದ್ದ 50 ಮಿ.ಮೀ. ಲೆನ್ಸಿಗೂ ರಷ್ಯಾದ ಜೆನಿತ್ ಕ್ಯಾಮೆರಾದ ಹೀಲಿಯೋಸ್ 44-2 ಲೆನ್ಸಿಗೂ 49 ಮಿ.ಮೀ. ಥ್ರೆಡ್ಡೇ ಇರುವುದರಿಂದ, ಯಾವ ಕಂಪನಿಯದಾದರೂ ಒಳ್ಳೆಯ 49 ಮಿ.ಮೀ. ಫಿಲ್ಟರು ಎರಡಕ್ಕೂ ಸಲ್ಲುತ್ತದೆ. ಅಲ್ಲಿ ಪೆಂಟಾಕ್ಸ್ ಎಂಬ ಅಕ್ಷರಗಳಿಗಾಗಿ ದುಪ್ಪಟ್ಟು ತೆರುವುದು ಸಂಗ್ರಾಹಕರ ಖಯಾಲಿಯೇ ಹೊರತು ಛಾಯಾಗ್ರಾಹಕರ ಅಗತ್ಯವಲ್ಲ. ಎರಡನೆಯದು ಬಯೊನೆಟ್, ಅಂದರೆ ಸಣ್ಣ ಕೊಕ್ಕೆಗಳನ್ನು ಸೀಳಿನಲ್ಲಿಟ್ಟು ಸ್ವಲ್ಪವೇ ತಿರುಗಿಸಿ ಸಿಕ್ಕಿಸುವ ವ್ಯವಸ್ಥೆ. ಒಂದು ಕಾಲಕ್ಕೆ ನಮ್ಮ ಸ್ಟುಡಿಯೋಗಳ ಮತ್ತು ಮದುವೆ ಮನೆಗಳ ದುಡಿಮೆಗಾರನಾಗಿದ್ದ, 1970ರಲ್ಲಿ ಮಾರುಕಟ್ಟೆಗೆ ಬಂದ ಯಾಷಿಕಾ-ಮ್ಯಾಟ್ 124ಜಿ ಬಯಸುವುದು ‘ಬೇ 1’ ಎಂಬ ಅಳತೆಯ ಬಯೊನೆಟ್ಟನ್ನೇ. ಜರ್ಮನಿಯ ರೋಲಿಕಾರ್ಡ್ ಮತ್ತು ಮಿನೋಲ್ಟಾ ಆಟೋಕಾರ್ಡ್ ಕ್ಯಾಮೆರಾಗಳದೂ ಅದೇ ಅಳತೆಯಾದ್ದರಿಂದ ಜರ್ಮನ್ ಹೆಸರಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಆದರೆ ಬೇ 1 ಸಾಮಗ್ರಿಯೇ ವಿರಳವಾದ್ದರಿಂದ ಸಿಕ್ಕಾಗ ಚೌಕಾಸಿಯನ್ನು ಅತಿಯಾಗಿ ಎಳೆಯುವುದೂ ಜಾಣತನವಲ್ಲ.

1991ರ ಆರ್ಥಿಕ ಸುಧಾರಣೆಗಳಿಗೆ ಮೊದಲು ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದುದರಿಂದ ಅನೇಕ ಕ್ಯಾಮೆರಾಗಳು ವಿದೇಶದಿಂದ ಮರಳುವ ಬಂಧುಗಳ ಸೂಟ್‌ಕೇಸಿನಲ್ಲಿ ಬಂದವು, ಫಿಲ್ಟರು ಹುಡ್‌ಗಳನ್ನು ಆಮೇಲೆ ಇಲ್ಲಿ ಸಿಕ್ಕಂತೆ ಕೂಡಿಸಿಕೊಳ್ಳಲಾಯಿತು. ಹೀಗಾಗಿ ಬೆಂಗಳೂರಿನ ಹಲಸೂರಿನ ಹಳೆಯ ಮನೆಗಳಲ್ಲಾಗಲಿ, 1948ರಲ್ಲಿ ಆರಂಭವಾದ ಐಟಿಐ ದೂರವಾಣಿ ಕಾರ್ಖಾನೆಯ ನಿವೃತ್ತ ನೌಕರರು ನೆಲೆಸಿರುವ ಕೆ.ಆರ್. ಪುರದ ಸುತ್ತಿನಲ್ಲಾಗಲಿ ಬೀರುವಿನಿಂದ ಹೊರಬರುವ ಕ್ಯಾಮೆರಾದ ಜೊತೆ ನಾಲ್ಕಾರು ಕಂಪನಿಗಳ ಬಿಡಿಭಾಗಗಳು ಬೆರೆತಿದ್ದರೆ ಅದು ಇಲ್ಲಿನ ಸಹಜ ಚರಿತ್ರೆ, ಮಾರುವವರ ಮೋಸವಲ್ಲ. ಈ ಅಂಕಣಕಾರನ ಯಾಷಿಕಾ-ಮ್ಯಾಟ್‌ಗೆ ಬೇ 1 ಹಳದಿ ಫಿಲ್ಟರು ದೊರೆತದ್ದು ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ, ಕೈಗಡಿಯಾರದ ಪಟ್ಟಿಗಳನ್ನು ತುಂಬಿದ್ದ ಬಿಸ್ಕತ್ತಿನ ಡಬ್ಬದೊಳಗೆ. ವ್ಯಾಪಾರಿಯು ಅದನ್ನು ಟಾರ್ಚಿನ ಗಾಜೆಂದು ತಿಳಿದಿದ್ದನು, ಕೊಂಡವನು ಆ ತಿಳಿವಳಿಕೆಯನ್ನು ತಿದ್ದಲು ಹೋಗಲಿಲ್ಲ.

ಕೊಳ್ಳುವ ಮುನ್ನ ಫಿಲ್ಟರನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಗಾಜಿನಲ್ಲಿ ಕಾಣುವ ಪ್ರತಿಬಿಂಬವನ್ನು ನೋಡಬೇಕು. ಅದು ನೇರಳೆ ಅಥವಾ ಜೇನುಬಣ್ಣಕ್ಕೆ ತಿರುಗಿದ್ದರೆ ಗಾಜಿಗೆ ಕೋಟಿಂಗ್, ಅಂದರೆ ಪ್ರತಿಫಲನವನ್ನು ತಗ್ಗಿಸುವ ತೆಳುಲೇಪ, ಇದೆಯೆಂದೂ, ಗಾಜನ್ನು ಅಲುಗಿಸಿದಾಗ ಟ್ಯೂಬಿನ ಗೆರೆ ಡೊಂಕಾದರೆ ಗಾಜು ಸಮತಟ್ಟಾಗಿಲ್ಲವೆಂದೂ ತಿಳಿಯಬಹುದು. ಎರಡು ಗಾಜುಗಳ ನಡುವೆ ಹಾಳೆಯನ್ನು ಅಂಟಿಸಿ ಮಾಡುವ ಪೋಲರೈಸರ್‌ನಲ್ಲಿ ಅಂಚಿನ ಅಂಟು ಬಿಟ್ಟಿದ್ದರೆ ಅದು ಯಾವ ಹೆಸರಿನದಾದರೂ ಬೇಡ. ಚರ್ಮದ ಕೇಸು ಮಳೆಗಾಲದ ತೇವವನ್ನು ಹೀರಿ ಲೆನ್ಸಿಗೆ ಫಂಗಸ್ ಹಿಡಿಸುವುದರಿಂದ, ಒರಿಜಿನಲ್ ಆದರೂ ಅದಕ್ಕೆ ಹಣ ಸುರಿಯುವುದು ವಿವೇಕವಲ್ಲ.

ವಿದೇಶದಿಂದ ತರಿಸುವವರು ಗಮನಿಸಬೇಕಾದುದೆಂದರೆ, ಆಮದು ಸುಂಕವನ್ನು ಸಾಗಣೆ ವೆಚ್ಚವನ್ನೂ ಸೇರಿಸಿದ ಮೊತ್ತದ ಮೇಲೆ ಹಾಕಲಾಗುತ್ತದೆ, ಅದರ ಮೇಲೆ ಐಜಿಎಸ್‌ಟಿ, ಕೆಲವು ಕೊರಿಯರ್‌ಗಳಾದರೆ ತಮ್ಮದೂ ಒಂದು ಶುಲ್ಕ. ಹಾಗಾಗಿ ಸಣ್ಣ ವಸ್ತುಗಳನ್ನು ಒಂದೊಂದಾಗಿ ತರಿಸುವುದು ದುಬಾರಿ. ಅದರ ಬದಲು, ಫಿಲ್ಟರನ್ನು ಬೇರೆ ಅಳತೆಯ ಲೆನ್ಸಿಗೆ ಕೂರಿಸುವ ಥ್ರೆಡ್ಡಿನ ರಿಂಗುಗಳನ್ನು ಕೆ.ಆರ್. ಪುರ, ಮಹದೇವಪುರದ ಕಡೆಯ ಲೇತ್ ಕೆಲಸಗಾರರಿಂದ ಮಾಡಿಸಬಹುದು. ಗೆರೆಗಳ ನಡುವಿನ ಅಂತರವಾದ ಪಿಚ್ 0.75 ಮಿ.ಮೀ. ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಕೆಲಸ ಸುಲಭ. ಬಯೊನೆಟ್ಟಿನ ಕೊಕ್ಕೆಗಳಿಗೆ ಮಿಲ್ಲಿಂಗ್ ಬೇಕಾಗುವುದರಿಂದ ಒಂದೇ ತುಂಡಿಗಾಗಿ ಆ ಖರ್ಚು ಗಿಟ್ಟುವುದಿಲ್ಲ.

‘ಒರಿಜಿನಲ್’ ಮೋಹ ಬೇಡ ಎಂಬ ಮಾತು ಬ್ಯಾಟರಿಗೂ ಸಲ್ಲುತ್ತದೆ. ಯಾಷಿಕಾದ ಬೆಳಕುಮಾಪಕ ಕೇಳುವ 1.35 ವೋಲ್ಟಿನ ಪಾದರಸ ಸೆಲ್ ಈಗ ತಯಾರಾಗುವುದಿಲ್ಲ. ಎಂದೋ ತಯಾರಾದ ಸೆಲ್ಲನ್ನು ‘ಒರಿಜಿನಲ್’ ಎಂದು ಮಾರುವವರಿಂದ ಕೊಳ್ಳುವ ಬದಲು ಶ್ರವಣಸಾಧನದ ಅಂಗಡಿಯಲ್ಲಿ ಸಿಗುವ 675 ಅಳತೆಯ ಜಿಂಕ್-ಏರ್ ಸೆಲ್ಲನ್ನು ಸುತ್ತ ಒಂದು ರಿಂಗ್ ಹಾಕಿ ಬಳಸಿದರೆ ಸಾಕು, ಅದರ 1.4 ವೋಲ್ಟ್ ಬೇಕಾದುದಕ್ಕೆ ಹತ್ತಿರವೇ ಇದೆ. ಆ ಮಾಪಕವು ಲೆನ್ಸಿನ ಮೂಲಕ ಅಳೆಯುವುದಿಲ್ಲವಾದ್ದರಿಂದ ಹಳದಿ ಫಿಲ್ಟರು ನುಂಗುವ ಬೆಳಕಿಗೆ ಸುಮಾರು ಒಂದು ಸ್ಟಾಪನ್ನು, ಅಂದರೆ ಎಫ್/16 ಇದ್ದಲ್ಲಿ ಎಫ್/11 ಎಂಬಂತೆ ಬೆಳಕಿನ ಇಮ್ಮಡಿಯನ್ನು, ಕೈಯಾರೆ ಕೊಡಬೇಕಾಗುತ್ತದೆ. ಮರೆತರೆ ಹನ್ನೆರಡು ಚಿತ್ರಗಳ ಒಂದು ರೋಲಿನ ಬೆಲೆಯೂ ತೊಳೆಸುವ ಕೂಲಿಯೂ ಫಿಲ್ಟರಿನ ಲೆಕ್ಕಕ್ಕೇ ಸೇರುತ್ತವೆ.