ಸಮುದಾಯದ ಕಾಲೇಜು ಬೆಳೆಯುವ ಬಗೆ



ಸರ್ಕಾರವೂ ಕಟ್ಟದ, ಅರಸರೂ ಕಟ್ಟದ ಕಾಲೇಜು ಹೇಗೆ ಹುಟ್ಟುತ್ತದೆ? ಕೆಲವು ಉದಾಹರಣೆಗಳಿಂದ ತಿಳಿಯೋಣ.

ಸರ್ ಸಯ್ಯದ್ ಅಹ್ಮದ್ ಖಾನ್ ಅವರು 1875ರಲ್ಲಿ ಅಲೀಗಢದಲ್ಲಿ ಆರಂಭಿಸಿದ್ದು ಒಂದು ಶಾಲೆಯನ್ನು. 1877ರಲ್ಲಿ ಅದು ಕಾಲೇಜಾಯಿತು, 1920ರಲ್ಲಿ ವಿಶ್ವವಿದ್ಯಾಲಯವಾಯಿತು. ಅವರು 1898ರಲ್ಲೇ ತೀರಿಕೊಂಡಿದ್ದರು. ಬೀಜ ಬಿತ್ತಿದವರಿಗೆ ಫಲ ನೋಡುವ ಭಾಗ್ಯ ಸಿಗಲಿಲ್ಲ.

ನಮ್ಮ ರಾಜ್ಯದ ಭಟ್ಕಳದಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆ ಸ್ಥಾಪನೆಯಾದದ್ದು 1919ರಲ್ಲಿ. ಅದರ ಪದವಿ ಕಾಲೇಜು ಬಂದದ್ದು 1968ರಲ್ಲಿ, ಇಂಜಿನಿಯರಿಂಗ್ ಕಾಲೇಜು 1980ರಲ್ಲಿ. ಮೊದಲ ಹೆಜ್ಜೆಯಿಂದ ಪದವಿ ಕಾಲೇಜಿನವರೆಗೆ 49 ವರ್ಷ ಹಿಡಿಯಿತು!

ವೈದ್ಯರಾದ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಅವರ ವಯಸ್ಸು ಸುಮಾರು 31. ಮರುವರ್ಷವೇ ಕಾಲೇಜು ಶುರುವಾಯಿತು. 1984ರಲ್ಲಿ ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ತೆರೆಯಿತು. ಆಗ ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳು ಅದೇ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

ಇದು ಒಂದೇ ಸಮುದಾಯದ ಕಥೆಯಲ್ಲ. ವಚನಗಳನ್ನು ಸಂಗ್ರಹಿಸಿ ಉಳಿಸಿದ ವಕೀಲ ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜು ನಮ್ಮ ಜಮಖಂಡಿಯಲ್ಲೇ ಇದೆ.

ಇವೆಲ್ಲದರಲ್ಲಿ ಕಾಣುವ ಕ್ರಮ ಒಂದೇ: ಮೊದಲು ಕೆಲವರ ಕಾಳಜಿ, ಬಳಿಕ ಸಂಘ, ಜನರ ದೇಣಿಗೆ, ಶಾಲೆ ಅಥವಾ ಕಾಲೇಜು, ಕೊನೆಗೆ ವೃತ್ತಿ ಶಿಕ್ಷಣ.

ಸಂವಿಧಾನದ 30ನೇ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ನೀಡಿದೆ. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಯು ಕೇವಲ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದೆಂದು 29ನೇ ವಿಧಿ ಹೇಳುತ್ತದೆ. ಆದ್ದರಿಂದ ಸಮುದಾಯ ಕಟ್ಟಿದ ಕಾಲೇಜಿನಲ್ಲಿ ಎಲ್ಲರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ‘ಅಲ್-ಅಮೀನ್’ ಎಂದರೆ ನಂಬಿಕಸ್ಥ. ಪ್ರವಾದಿ ಮುಹಮ್ಮದ್ (ಸ) ಅವರನ್ನು ಮಕ್ಕಾದ ಜನ ಕರೆಯುತ್ತಿದ್ದ ಹೆಸರದು. ಯಾರೋ ದುಡಿದು ಕೊಟ್ಟ ದೇಣಿಗೆ ನಮ್ಮ ಕೈಯಲ್ಲಿರುವ ಅಮಾನತ್ತು. ತರಗತಿ ತಪ್ಪಿಸುವವನು, ಪಿಯುಸಿ ಅರ್ಧಕ್ಕೇ ಬಿಡುವವನು ಅದನ್ನು ಹಾಳುಮಾಡುತ್ತಾನೆ. ಓದಿ ಮುಂದೆ ಬಂದು ಇನ್ನೊಬ್ಬ ಮಗುವಿನ ಶುಲ್ಕ ಕಟ್ಟುವವನು ಅದನ್ನು ಹಿಂದಿರುಗಿಸುತ್ತಾನೆ.

ಚಿಂತಿಸಿರಿ:
1. ನಮ್ಮ ಕಾಲೇಜಿಗೆ ಮೊದಲು ಜಾಗ, ಹಣ, ಶ್ರಮ ಕೊಟ್ಟವರು ಯಾರು? ಹಿರಿಯರನ್ನು ಕೇಳಿ ಬರೆದಿಡಿ.
2. ನಿಮ್ಮ ಓಣಿಯಲ್ಲಿ ಎಸ್ಸೆಸ್ಸೆಲ್ಸಿ ನಂತರ ಓದು ನಿಲ್ಲಿಸಿದವರು ಇದ್ದಾರೆಯೇ? ಅವರನ್ನು ಮರಳಿ ಕರೆತರಲು ನೀವೇನು ಮಾಡಬಲ್ಲಿರಿ?